ಕೈಜಾರಿ ಬಿದ್ದ ಡಿಸ್ಕಿಗೆ ವಾರಂಟಿ ಕೇಳುವವರಿಗೆ

ಹಾರ್ಡ್ ಡಿಸ್ಕ್ ಕೈಜಾರಿ ಬಿದ್ದು ಕೆಟ್ಟರೂ ಕಂಪನಿಯವರು ವಾರಂಟಿಯಲ್ಲಿ ಬದಲಿಸಿ ಕೊಡಬೇಕು, ಬೇಕಿದ್ದರೆ ಸರ್ಕಾರ ಅದಕ್ಕೊಂದು ಕಾನೂನು ಮಾಡಲಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಫೋಟೋ ಸ್ಟುಡಿಯೋಗಳಲ್ಲಿ, ಕಂಪ್ಯೂಟರ್ ಅಂಗಡಿಗಳ ಕೌಂಟರಿನ ಮುಂದೆ ಈ ಮಾತು ಆಗಾಗ ಕೇಳಿಬರುತ್ತದೆ. ನಾನೂ ಕಂಪ್ಯೂಟರ್ ಅಂಗಡಿಯವನೇ, ಈ ಮಾತು ಆಡುವವರು ದಿನವೂ ನನ್ನ ಜೊತೆ ವ್ಯವಹರಿಸುವ ಜನ. ಅವರ ಸಂಕಟ ನನಗೆ ಗೊತ್ತು. ಆದರೂ ಈ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಬಿದ್ದ ಡಿಸ್ಕಿಗೆ ವಾರಂಟಿ ಸಿಕ್ಕರೆ ಅದರ ಖರ್ಚು ಕೊನೆಗೆ ನಮ್ಮ ತಾಲ್ಲೂಕುಗಳ ಸಣ್ಣ ಗಿರಾಕಿಯ ಬಿಲ್ಲಿಗೇ ಬಂದು ಸೇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಂಪನಿಗಳನ್ನು ನಿಜಕ್ಕೂ ನಿಲ್ಲಿಸಿ ಕೇಳಬೇಕಾದ ಜಾಗ ಬೇರೆ ಇದೆ. ಈ ಬೇಡಿಕೆಯ ಗದ್ದಲದಲ್ಲಿ ಅದು ಮರೆಯಾಗಿ ಹೋಗುತ್ತಿದೆ. ಅವರ ವಾದಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಮೊದಲನೆಯದು: ಬೇಕೆಂದು ಯಾರೂ ಡಿಸ್ಕ್ ಬೀಳಿಸುವುದಿಲ್ಲ, ಆಕಸ್ಮಿಕವಾಗಿ ಆದದ್ದಕ್ಕೆ ಗಿರಾಕಿಗೆ ಯಾಕೆ ಶಿಕ್ಷೆ?

ಬೇಕೆಂದು ಯಾರೂ ಬೀಳಿಸುವುದಿಲ್ಲ, ನಿಜ. ಆದರೆ ಇಲ್ಲಿ ಯಾರೂ ಗಿರಾಕಿಯ ಮೇಲೆ ತಪ್ಪು ಹೊರಿಸುತ್ತಿಲ್ಲ. ಬಿದ್ದಾಗ ವಸ್ತು ಯಾರ ಸುಪರ್ದಿಯಲ್ಲಿತ್ತು ಎಂಬುದಷ್ಟೇ ಪ್ರಶ್ನೆ. ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕಿಲೋ ಟೊಮೆಟೊ ಬಾಕ್ಸು ಹರಾಜಾಗಿ, ವ್ಯಾಪಾರಿ ಅದನ್ನು ತನ್ನ ಲಾರಿಗೆ ಏರಿಸಿಕೊಂಡು ಹೋದ ಮೇಲೆ ಹೆದ್ದಾರಿಯಲ್ಲಿ ಬಾಕ್ಸು ಉರುಳಿ ಹಣ್ಣು ಜಜ್ಜಿಹೋದರೆ ಬೆಳೆದ ರೈತನ ಮನೆ ಬಾಗಿಲಿಗೆ ಯಾರೂ ಬರುವುದಿಲ್ಲ. ಹಣ್ಣು ಮೊದಲೇ ಒಳಗೆ ಕೊಳೆತಿದ್ದರೆ ಮಾತು ಬೇರೆ. 1930ರ ಸರಕು ಮಾರಾಟ ಕಾಯ್ದೆ ಹೇಳುವುದೂ ಇದನ್ನೇ: ಬೇರೆ ಕರಾರು ಇಲ್ಲದಿದ್ದರೆ, ಒಡೆತನ ಕೈ ಬದಲಾಗುವ ತನಕ ನಷ್ಟದ ಹೊಣೆ ಮಾರುವವನದು, ಬದಲಾದ ಮೇಲೆ ಕೊಂಡವನದು. ವಾರಂಟಿ ಎನ್ನುವುದು ತಯಾರಿಸಿದವನು ತನ್ನ ಕೆಲಸದ ಬಗ್ಗೆ ಕೊಟ್ಟ ಮಾತು. ಬೆಸುಗೆ ಬಿಟ್ಟುಕೊಂಡರೆ, ಮೋಟರು ನಿಂತರೆ, ಹೆಡ್ಡು ತಾನಾಗಿ ಸತ್ತರೆ ಅವನು ಉತ್ತರ ಕೊಡಬೇಕು. ನಮ್ಮ ಮೇಜಿನ ಎತ್ತರಕ್ಕೂ ನೆಲದ ಗಟ್ಟಿತನಕ್ಕೂ ಅವನು ಮಾತು ಕೊಟ್ಟಿಲ್ಲ.

ಬಿದ್ದಾಗ ಯಾರ ಸುಪರ್ದಿಯಲ್ಲಿತ್ತು ಎಂಬ ಪ್ರಶ್ನೆ ಗಿರಾಕಿಯ ಪರವಾಗಿಯೂ ನಿಲ್ಲುತ್ತದೆ, ಅದನ್ನು ಬಹಳ ಜನ ಬಳಸಿಕೊಳ್ಳುವುದೇ ಇಲ್ಲ. ಬೆಂಗಳೂರಿನಿಂದ ಮುಳಬಾಗಿಲಿಗೆ ಕೊರಿಯರಿನಲ್ಲಿ ಬರುವಾಗ ಪೆಟ್ಟಿಗೆ ಎಲ್ಲೋ ಬಿದ್ದು, ಮನೆಯಲ್ಲಿ ಬಿಚ್ಚಿ ಹಚ್ಚಿದ ಮೊದಲ ದಿನವೇ ಡಿಸ್ಕ್ ಡಿಟೆಕ್ಟ್ ಆಗದಿದ್ದರೆ, ಆ ಬಿದ್ದ ಪೆಟ್ಟಿನ ಲೆಕ್ಕ ನಿಮ್ಮದಲ್ಲ. ಪಾರ್ಸೆಲ್ ಬಿಚ್ಚುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಮೂಲೆ ಜಜ್ಜಿದ ಪೆಟ್ಟಿಗೆಯನ್ನು ಎಸೆಯಬೇಡಿ. ಮಾರಿದವರೇ ಬದಲಿಸಿ ಕೊಡಬೇಕು, ಬಿಡಬೇಡಿ.

ಎರಡನೆಯ ವಾದ ಇದಕ್ಕಿಂತ ಗಟ್ಟಿ: ಕೈಯಲ್ಲಿ ಹಿಡಿದು ಓಡಾಡಲಿಕ್ಕೆಂದೇ ಮಾರಿದ ವಸ್ತು ಒಂದು ಸಲ ಬಿದ್ದರೂ ತಡೆಯಬಾರದೇ? ತಡೆಯದಿದ್ದರೆ ಅದೇ ತಯಾರಿಕೆಯ ದೋಷವಲ್ಲವೇ?

ಇದಕ್ಕೆ ಉತ್ತರ ಹೇಳಬೇಕಾದರೆ ಮುಚ್ಚಳದ ಒಳಗೆ ನೋಡಬೇಕು. ಸ್ಟುಡಿಯೋದವರ ಬ್ಯಾಗಿನಲ್ಲಿರುವ ಎರಡೂವರೆ ಇಂಚಿನ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ನುಣುಪಾದ ತಟ್ಟೆಗಳು ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತವೆ. ತಟ್ಟೆಯ ಅಂಚು ಓಡುವ ವೇಗ ಗಂಟೆಗೆ 65 ಕಿಲೋಮೀಟರಿನ ಆಸುಪಾಸು. ಓದುವ ಬರೆಯುವ ಹೆಡ್ಡು ಆ ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರ್ ಮೇಲೆ ಗಾಳಿಯಲ್ಲಿ ತೇಲುತ್ತದೆ. ನ್ಯಾನೋಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ಹೆಡ್ಡು ಅಷ್ಟು ಹತ್ತಿರ ಇರುವುದರಿಂದಲೇ ಅಂಗೈಯಗಲದ ಡಬ್ಬಿಯೊಳಗೆ ಎರಡು ಟಿಬಿ ಹಿಡಿಯುತ್ತದೆ. ಡಿಸ್ಕ್ ನಿಂತಾಗ ಹೆಡ್ಡು ತಟ್ಟೆಯಿಂದ ಆಚೆ ಸರಿದು ಒಂದು ಇಳಿಜಾರಿನ ಮೇಲೆ ಕೂರುತ್ತದೆ. ಆಗ ಬಿದ್ದರೆ ಉಳಿಯುವ ಸಾಧ್ಯತೆ ಹೆಚ್ಚು. ಓಡುತ್ತಿರುವಾಗ ಬಿದ್ದರೆ ಹೆಡ್ಡು ತಟ್ಟೆಗೆ ಬಡಿದು ಗೀಚುತ್ತದೆ, ಮುಂದೆ ಟಿಕ್ ಟಿಕ್ ಎಂಬ ಸದ್ದೊಂದೇ ಕೇಳುತ್ತದೆ.

ಕುರುಡುಮಲೆಯ ಕಡೆಯೋ ಚಿಕ್ಕತಿರುಪತಿಯ ಕಡೆಯೋ ಮದುವೆ ಮುಗಿದ ರಾತ್ರಿಯನ್ನು ನೆನೆಸಿಕೊಳ್ಳಿ. ಲ್ಯಾಪ್‌ಟಾಪ್ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಅದರ ಪಕ್ಕದಲ್ಲಿ ಮೊಳದುದ್ದದ ಕೇಬಲ್ಲಿನ ತುದಿಗೆ ಡಿಸ್ಕು, ಎರಡು ಕ್ಯಾಮೆರಾದ ಕಾರ್ಡುಗಳು ಕಾಪಿ ಆಗುತ್ತಿವೆ. ಲೈಟ್ ಬಿಚ್ಚುವ ಹುಡುಗನ ಕಾಲಿಗೆ ವೈರು ಸಿಕ್ಕಿ ಡಿಸ್ಕು ಕಲ್ಲು ಹಾಸಿನ ಮೇಲೆ ಬೀಳುತ್ತದೆ. ಕುರ್ಚಿಯ ಎತ್ತರ 45 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಗಟ್ಟಿ ನೆಲ ಆ ಬೀಳನ್ನು ಒಂದು ಮಿಲಿಮೀಟರಿನೊಳಗೆ ತಡೆದು ನಿಲ್ಲಿಸಿದರೆ ಡಿಸ್ಕಿಗೆ ತಾಗುವ ಹೊಡೆತ ಗುರುತ್ವದ 450 ಪಟ್ಟು. ಇದು ಸರಾಸರಿ ಲೆಕ್ಕ, ಗರಿಷ್ಠ ಇನ್ನೂ ಮೇಲೇ ಇರುತ್ತದೆ. ಈ ಗಾತ್ರದ ಡಿಸ್ಕುಗಳಿಗೆ ಕಂಪನಿಗಳು ಸಾಮಾನ್ಯವಾಗಿ ಬರೆದುಕೊಡುವ ಮಿತಿ ಓಡುವಾಗ 400 ಪಟ್ಟು, ನಿಂತಿರುವಾಗ 1000 ಪಟ್ಟು. ಅಂದರೆ ಅದೇ ಡಿಸ್ಕು ನಿಂತಿದ್ದಾಗ ಮುಕ್ಕಾಲು ಮೀಟರಿನ ಮೇಜಿನಿಂದ ಬಿದ್ದರೂ ಈ ಲೆಕ್ಕದಲ್ಲಿ ಉಳಿದೀತು. ಓಡುತ್ತಿರುವಾಗ ಕುರ್ಚಿಯಿಂದ ಬಿದ್ದರೂ ಉಳಿಯಲಾರದು. ಕೆಳಗೆ ಜಮಖಾನೆ ಇದ್ದು ಬೀಳು ಐದು ಮಿಲಿಮೀಟರಿನಲ್ಲಿ ನಿಂತಿದ್ದರೆ ಹೊಡೆತ 90 ಪಟ್ಟಿಗೆ ಇಳಿಯುತ್ತಿತ್ತು.

ಹೀಗೆ ಮಿತಿ ಎಷ್ಟು ಎಂದು ಬರೆದುಕೊಟ್ಟ ವಸ್ತು ಆ ಮಿತಿಯ ಆಚೆಗೆ ಕೆಟ್ಟರೆ ಅದನ್ನು ದೋಷ ಎನ್ನಲಾಗದು. ತಯಾರಕರು ಕೈಕಟ್ಟಿ ಕೂತವರೂ ಅಲ್ಲ. ಐಬಿಎಂ 2003ರಲ್ಲೇ ತನ್ನ ಥಿಂಕ್‌ಪ್ಯಾಡ್‌ಗಳಲ್ಲಿ, ಆಪಲ್ 2005ರಲ್ಲಿ ತನ್ನ ಲ್ಯಾಪ್‌ಟಾಪುಗಳಲ್ಲಿ, ಯಂತ್ರ ಅಲುಗುವುದನ್ನೂ ಬೀಳುವುದನ್ನೂ ಗ್ರಹಿಸಿ ಹೆಡ್ಡನ್ನು ಪಕ್ಕಕ್ಕೆ ಸರಿಸುವ ವ್ಯವಸ್ಥೆ ತಂದವು. ಅದಾದ ಮೇಲೆ ಎಸ್‌ಎಸ್‌ಡಿ ಅಗ್ಗವಾಯಿತು. ಅದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ಹೆಡ್ಡೂ ಇಲ್ಲ. ಬಿದ್ದರೂ ತಡೆಯುವುದು ಬೇಕು ಎನ್ನುವವರಿಗೆ ಅದು ಅಂಗಡಿಯಲ್ಲೇ ಇದೆ, ಬೆಲೆ ಹೆಚ್ಚು. ಅದೇ ದುಡ್ಡಿಗೆ ಹೆಚ್ಚು ಜಾಗ ಬೇಕೆಂದು ತಟ್ಟೆಯ ಡಿಸ್ಕನ್ನೇ ಆರಿಸಿಕೊಳ್ಳುತ್ತೇವೆ. ಒಂದು ಮದುವೆಯಲ್ಲಿ ಎರಡು ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಎಂಟು ಗಂಟೆ ಓಡಿದರೆ 720 ಜಿಬಿ ಆಗುತ್ತದೆ. ಅಷ್ಟನ್ನು ಇಡೀ ಸೀಸನ್ನು ಎಸ್‌ಎಸ್‌ಡಿಯಲ್ಲಿ ಇಡಲು ಸಣ್ಣ ಸ್ಟುಡಿಯೋಗೆ ಆಗುವುದಿಲ್ಲ ಎಂದು ನನಗೂ ಗೊತ್ತು. ಹಾಗಿದ್ದರೆ ಮಂಟಪದಲ್ಲಿ ಕಾಪಿ ಮಾಡಿಕೊಳ್ಳಲು ಒಂದು ಸಣ್ಣ ಎಸ್‌ಎಸ್‌ಡಿ, ಸ್ಟುಡಿಯೋದ ಮೇಜಿನ ಮೇಲೆ ಕದಲದೆ ಕೂರುವ ದೊಡ್ಡ ಡಿಸ್ಕು, ಹೀಗೆ ಹಂಚಿಕೊಳ್ಳುವುದು ದಾರಿ. ಇದನ್ನು ಮಾರುವಾಗಲೇ ತಿಳಿಸಿ ಹೇಳುವ ಹೊಣೆ ನಮ್ಮಂಥ ಅಂಗಡಿಯವರ ಮೇಲಿದೆ.

ಮೂರನೆಯದು, ಕೋಟಿಗಟ್ಟಲೆ ವ್ಯವಹಾರದ ಕಂಪನಿಗೆ ನಾಲ್ಕು ಡಿಸ್ಕು ಬದಲಿಸುವುದು ಯಾವ ಲೆಕ್ಕ ಎಂಬ ಮಾತು.

ಕಂಪನಿ ತನ್ನ ಜೇಬಿನಿಂದ ಕೊಡುವುದಿಲ್ಲ. ತಟ್ಟೆಯ ಹಾರ್ಡ್ ಡಿಸ್ಕ್ ತಯಾರಿಸುವವರು ಇಂದು ಲೋಕದಲ್ಲಿ ಉಳಿದಿರುವುದೇ ಮೂವರು: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಮೂವರೇ ಇರುವ ಕಡೆ ಖರ್ಚನ್ನು ಗಿರಾಕಿಗೆ ದಾಟಿಸುವುದು ಸುಲಭ. 2011ರಲ್ಲಿ ಥಾಯ್ಲೆಂಡಿನ ಪ್ರವಾಹದಿಂದ ಕಾರ್ಖಾನೆಗಳು ಮುಳುಗಿ ಡಿಸ್ಕಿನ ಬೆಲೆ ಏರಿತ್ತು. ಅದೇ ವರ್ಷದ ಕೊನೆಯ ಹೊತ್ತಿಗೆ ಸೀಗೇಟ್ ಮತ್ತು ವೆಸ್ಟರ್ನ್ ಡಿಜಿಟಲ್ ಎರಡೂ ಹಲವು ಮಾದರಿಗಳ ವಾರಂಟಿ ಅವಧಿಯನ್ನು ಕಡಿತ ಮಾಡಿದವು. ಕೆಲವಕ್ಕೆ ಮೂರು ವರ್ಷ ಇದ್ದದ್ದು ಎರಡಾಯಿತು, ಕೆಲವಕ್ಕೆ ಒಂದೇ ವರ್ಷವಾಯಿತು. ಬಿದ್ದ ಡಿಸ್ಕಿನ ಭಾರವನ್ನೂ ಹೊರಿಸಿದರೆ ಅವರು ಮತ್ತೆ ಇದನ್ನೇ ಮಾಡುತ್ತಾರೆ: ಬೆಲೆ ಏರಿಸುತ್ತಾರೆ, ಇಲ್ಲವೇ ವರ್ಷ ಇಳಿಸುತ್ತಾರೆ. ಆಗ ಮನೆಯಲ್ಲಿ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿಟ್ಟು ಜೋಪಾನ ಮಾಡುವ ಮಾಲೂರಿನ ವಿದ್ಯಾರ್ಥಿನಿ, ಮದುವೆ ಮದುವೆಗೆ ಓಡಾಡುವ ಬ್ಯಾಗಿನ ಡಿಸ್ಕಿಗೂ ಸೇರಿಸಿ ದುಡ್ಡು ಕಟ್ಟಬೇಕಾಗುತ್ತದೆ. ಅವಳನ್ನು ಕೇಳದೆ ಅವಳ ಮೇಲೆ ಹೊರೆ ಹೊರಿಸುವುದು ನ್ಯಾಯವಲ್ಲ.

ನಾಲ್ಕನೆಯದು: ಫೋನಿಗೆ ಬಿದ್ದರೂ ಕವರ್ ಇದೆ, ಡಿಸ್ಕಿಗೆ ಯಾಕಿಲ್ಲ?

ಫೋನಿನ ವಾರಂಟಿಯಲ್ಲಿ ಅದು ಇಲ್ಲ. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆ ಇದೆ. ವಿಸ್ಟ್ರಾನ್ ನಡೆಸುತ್ತಿದ್ದದ್ದನ್ನು 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಕೊಂಡಿತು. ಅಲ್ಲಿ ತಯಾರಾಗುವ ಫೋನಿನ ಒಂದು ವರ್ಷದ ವಾರಂಟಿ ಕೂಡ ಬಿದ್ದು ಒಡೆದ ಗಾಜಿಗೆ ಅನ್ವಯವಾಗುವುದಿಲ್ಲ. ಬೇಕಾದವರು ಆಪಲ್‌ಕೇರ್ ಪ್ಲಸ್ ಎಂಬುದನ್ನು ಬೇರೆ ದುಡ್ಡು ಕೊಟ್ಟು ಕೊಳ್ಳಬೇಕು, ರಿಪೇರಿಗೆ ಹೋದಾಗ ಮತ್ತೆ ಸೇವಾ ಶುಲ್ಕ ಕಟ್ಟಬೇಕು. ಲ್ಯಾಪ್‌ಟಾಪ್ ಕಂಪನಿಗಳು ಆಕ್ಸಿಡೆಂಟಲ್ ಡ್ಯಾಮೇಜ್ ಹೆಸರಿನಲ್ಲಿ ಮಾರುವುದೂ ಅದನ್ನೇ. ಬೇಕಾದವರು ಕೊಳ್ಳುವ, ಬೇಡದವರು ಬಿಡುವ ಈ ಪದ್ಧತಿಗೆ ನನ್ನ ತಕರಾರಿಲ್ಲ. ಸ್ಟುಡಿಯೋ, ಡಿಟಿಪಿ ಅಂಗಡಿ ನಡೆಸುವವರಿಗೆ ಇನ್ನೊಂದು ದಾರಿಯೂ ಇದೆ. ಸರ್ಕಾರಿ ಸ್ವಾಮ್ಯದ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಎಲೆಕ್ಟ್ರಾನಿಕ್ ಉಪಕರಣ ವಿಮೆ ಸಿಗುತ್ತದೆ, ಅದರಲ್ಲಿ ದತ್ತಾಂಶ ತುಂಬಿದ ಮಾಧ್ಯಮಕ್ಕೆ ಪ್ರತ್ಯೇಕ ಭಾಗವೇ ಇದೆ. ಹೊರಗೆ ಒಯ್ಯುವ ಸಾಮಾನನ್ನೂ ಸೇರಿಸಿ ಎಂದು ಮೊದಲೇ ಕೇಳಿ ಬರೆಸಿಕೊಳ್ಳಬೇಕು.

ಐದನೆಯ ವಾದ ಹೇಳುವಾಗ ಗಂಟಲು ಕಟ್ಟುತ್ತದೆ, ಕೇಳುವಾಗಲೂ ಅಷ್ಟೇ: "ಅಣ್ಣಾ, ಡಿಸ್ಕ್ ಹೋದ್ರೆ ಹೋಗ್ಲಿ, ಒಳಗೆ ಒಂದು ಮನೆಯವರ ಮದುವೆ ಇದೆ. ಅವರಿಗೆ ಏನು ಹೇಳ್ಲಿ?"

ಇದಕ್ಕೆ ನನ್ನಲ್ಲಿ ಸಮಾಧಾನದ ಮಾತಿಲ್ಲ. ಆದರೆ ವಾರಂಟಿಯ ಬೇಡಿಕೆ ಈ ನಷ್ಟವನ್ನು ಒಂದು ಕೂದಲಿನಷ್ಟೂ ತುಂಬಿಕೊಡುವುದಿಲ್ಲ. ವಾರಂಟಿಯಲ್ಲಿ ಸಿಗುವುದು ಖಾಲಿ ಡಿಸ್ಕು. ಅದೂ ಎಷ್ಟೋ ಸಲ ಬೇರೆಯವರು ಹಿಂದಿರುಗಿಸಿದ್ದನ್ನು ಸರಿಪಡಿಸಿ ಕೊಟ್ಟದ್ದು. ಒಳಗಿನ ಡೇಟಾಕ್ಕೆ ತಾವು ಹೊಣೆಯಲ್ಲ ಎಂದು ಎಲ್ಲ ಕಂಪನಿಗಳೂ ಬರೆದಿವೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದು. ಹೊಸದು ಪಡೆಯಬೇಕಾದರೆ ಕೆಟ್ಟದ್ದನ್ನು ಅವರಿಗೆ ಒಪ್ಪಿಸಬೇಕು, ಅದು ಮರಳಿ ಬರುವುದಿಲ್ಲ. ಆ ಮದುವೆ ಇರುವುದು ಆ ತಟ್ಟೆಯ ಮೇಲೆ. ಡೇಟಾ ರಿಕವರಿಯವರು ಧೂಳಿಲ್ಲದ ಕೋಣೆಯಲ್ಲಿ ಮುಚ್ಚಳ ಬಿಚ್ಚಿ, ಅದೇ ಮಾದರಿಯ ಇನ್ನೊಂದು ಡಿಸ್ಕಿನಿಂದ ಹೆಡ್ಡು ತೆಗೆದು ಇದಕ್ಕೆ ಹಾಕಿ, ಒಂದೊಂದೇ ಸೆಕ್ಟರ್ ಓದಿ ತೆಗೆಯುತ್ತಾರೆ. ಬಿದ್ದ ಡಿಸ್ಕಿಗೆ ವಾರಂಟಿ ಇದೆ ಎಂದಾದರೆ ಅವಸರದಲ್ಲಿ ಅದನ್ನು ಕೌಂಟರಿನಲ್ಲಿ ಒಪ್ಪಿಸಿ, ಖಾಲಿ ಡಿಸ್ಕು ಹಿಡಿದು ಮನೆಗೆ ಹೋಗುವವರು ಹೆಚ್ಚಾಗುತ್ತಾರೆ. ಸಿಗಬಹುದಾಗಿದ್ದ ಫೋಟೋ ಕೂಡ ಹಾಗೆ ಕೈಬಿಟ್ಟು ಹೋಗುತ್ತದೆ. ಆ ಮನೆಯವರ ಫೋಟೋಗಳು ಯಾರ ಕೈಗೆ ಸೇರಿದವು ಎಂಬ ಚಿಂತೆ ಬೇರೆ.

ಡಿಸ್ಕ್ ಬಿದ್ದರೆ ಮಾಡಬೇಕಾದದ್ದು ಒಂದೇ: ಅದನ್ನು ಮತ್ತೆ ಸಿಸ್ಟಂಗೆ ಚುಚ್ಚಬೇಡಿ. ಬರುತ್ತದೇನೋ ನೋಡೋಣ ಎಂದು ಪ್ರತಿ ಸಲ ಚಾಲೂ ಮಾಡಿದಾಗಲೂ ಬಾಗಿದ ಹೆಡ್ಡು ತಟ್ಟೆಯನ್ನು ಇನ್ನಷ್ಟು ಕೆರೆಯುತ್ತದೆ. ಯೂಟ್ಯೂಬ್ ನೋಡಿ ಮುಚ್ಚಳ ಬಿಚ್ಚಿ ತಂದವರಿದ್ದಾರೆ. ಅಂಥದ್ದರಲ್ಲಿ ಸಾಮಾನ್ಯವಾಗಿ ಏನೂ ಉಳಿದಿರುವುದಿಲ್ಲ. ರಿಕವರಿಗೆ ಡಿಸ್ಕಿನ ಬೆಲೆಯ ಹಲವು ಪಟ್ಟು ಖರ್ಚಾಗುತ್ತದೆ, ಇದು ಕಹಿ ಸತ್ಯ. ಸೀಗೇಟ್ ಕೆಲವು ಮಾದರಿಗಳ ಜೊತೆ ರೆಸ್ಕ್ಯೂ ಎಂಬ ಹೆಸರಿನಲ್ಲಿ ಡೇಟಾ ಮರಳಿಸುವ ಸೇವೆಯನ್ನು ಸೇರಿಸಿಯೇ ಮಾರುತ್ತದೆ. ಕೊಳ್ಳುವಾಗ ಕೇಳಬೇಕಾದದ್ದು ಇಂಥದ್ದನ್ನು. ಹೋರಾಟವೇ ಮಾಡುವುದಾದರೆ, ಗಿರಾಕಿ ಕೆಟ್ಟ ಡಿಸ್ಕನ್ನು ತಾನೇ ಇಟ್ಟುಕೊಂಡು ವಾರಂಟಿ ಪಡೆಯುವ ಹಕ್ಕಿಗಾಗಿ ಮಾಡೋಣ, ಅದಕ್ಕೆ ನಾನೂ ಬರುತ್ತೇನೆ.

ಅಂಗಡಿಯವನು ಎಲ್ಲದಕ್ಕೂ ವಾರಂಟಿ ಇದೆ ಎಂದಿದ್ದ ಎಂಬುದು ಆರನೆಯ ಮಾತು. ಹಾಗೆ ಹೇಳಿ ಮಾರಿದ್ದರೆ ಅಂಗಡಿಯವನು ತಪ್ಪು ಮಾಡಿದ್ದಾನೆ, ಹೊಣೆ ಅವನದು. ಇಲ್ಲದ ವಾರಂಟಿ ಇದೆ ಎಂದು ನಂಬಿಸುವುದು ಗ್ರಾಹಕ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಹೇಳಿದ್ದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲು ಹಿಂಜರಿಯುವವನ ಅಂಗಡಿಯಲ್ಲಿ ಕೊಳ್ಳಬೇಡಿ.

ಇನ್ನು ಉಳಿದದ್ದು ಎಲ್ಲಕ್ಕಿಂತ ಗಟ್ಟಿಯಾದ ವಾದ: ಬಿದ್ದದ್ದಕ್ಕೂ ವಾರಂಟಿ ಕೊಡಿ ಎಂದು ನಾವು ಕೇಳುವುದು ಯಾಕೆಂದರೆ, ಬೀಳದೇ ಕೆಟ್ಟದ್ದನ್ನೂ ಬಿದ್ದದ್ದೇ ಎಂದು ಹೇಳಿ ವಾಪಸು ಕಳಿಸುತ್ತಾರೆ.

ಈ ದೂರಿನಲ್ಲಿ ಹುರುಳಿದೆ. ಶ್ರೀನಿವಾಸಪುರದ ಒಂದು ಡಿಟಿಪಿ ಅಂಗಡಿಯ ಡಿಸ್ಕನ್ನು ನಾನೇ ಕ್ಯಾಬಿನೆಟ್‌ಗೆ ಕೂರಿಸಿದ್ದೆ, ಕೆಟ್ಟಾಗ ನಾನೇ ಬಿಚ್ಚಿ ಸರ್ವಿಸ್ ಸೆಂಟರಿಗೆ ಒಯ್ದೆ. ಅದು ಆ ಕ್ಯಾಬಿನೆಟ್ ಬಿಟ್ಟು ಕದಲಿದ್ದೇ ಇಲ್ಲ. ಕೌಂಟರಿನ ಹುಡುಗ ಅದನ್ನು ತಿರುಗಿಸಿ ನೋಡಿ, ಪಕ್ಕದ ಸ್ಕ್ರೂ ತೂತಿನ ಸುತ್ತ ಬಣ್ಣ ಕಿತ್ತಿದ್ದನ್ನು ಬೆರಳಿಟ್ಟು ತೋರಿಸಿದ. "ಫಿಸಿಕಲ್ ಡ್ಯಾಮೇಜ್ ಸಾರ್, ವಾರಂಟಿ ಬರಲ್ಲ." ಸ್ಕ್ರೂ ಬಿಗಿದರೆ ಆ ಗುರುತು ಬಂದೇ ಬರುತ್ತದೆ. ಕಂಪ್ಯೂಟರಿಗೆ ಹಾಕಿ ನೋಡಲೂ ಇಲ್ಲ, ಬರೆದು ಕೊಡಿ ಎಂದರೆ ಸಿಸ್ಟಂನಲ್ಲಿ ಆ ಆಪ್ಷನ್ ಇಲ್ಲ ಎಂದ.

ಸಿಟ್ಟು ಬರಬೇಕಾದದ್ದು ಇಲ್ಲಿ. ಆದರೆ ಇದಕ್ಕೆ ಬಿದ್ದ ಡಿಸ್ಕಿಗೂ ವಾರಂಟಿ ಕೇಳುವುದು ಮದ್ದಲ್ಲ. ಬಿದ್ದಿದೆ ಎಂದು ಹೇಳುವವನೇ ಅದನ್ನು ತೋರಿಸಿಕೊಡಲಿ. ಒಂದು ಸಂಗತಿ ನಡೆದಿದೆ ಎನ್ನುವವನೇ ಅದನ್ನು ರುಜುವಾತು ಮಾಡಬೇಕು ಎಂಬುದು ನಮ್ಮ ಸಾಕ್ಷ್ಯ ಕಾನೂನಿನ ಮೂಲ ನಿಯಮ. ತೋರಿಸಿಕೊಡಲು ಅವರ ಬಳಿ ಸಾಧನಗಳೂ ಇವೆ. ಪ್ರತಿ ಡಿಸ್ಕೂ ಸ್ಮಾರ್ಟ್ ಎಂಬ ದಾಖಲೆಯನ್ನು ತನ್ನೊಳಗೇ ಬರೆದುಕೊಳ್ಳುತ್ತದೆ: ಎಷ್ಟು ಗಂಟೆ ಓಡಿದೆ, ಎಷ್ಟು ಸೆಕ್ಟರ್ ಕೆಟ್ಟಿವೆ. ಕೆಲವು ಮಾದರಿಗಳಲ್ಲಿ ಓಡುವಾಗ ತಾಗಿದ ಹೊಡೆತಗಳ ಎಣಿಕೆಯೂ ಇರುತ್ತದೆ. ಜಜ್ಜಿದ ಮೂಲೆಯ ಫೋಟೋ, ಒಳಗೆ ತಟ್ಟೆಯ ಮೇಲಿನ ಗೀರಿನ ಫೋಟೋ, ಇವೆಲ್ಲ ವರದಿಯಲ್ಲಿ ಇರಬೇಕು. ಇವು ಇಲ್ಲದೆ ಬಾಯಿಮಾತಿನ ಫಿಸಿಕಲ್ ಡ್ಯಾಮೇಜನ್ನು ಒಪ್ಪಿಕೊಳ್ಳಬೇಕಾದ ಅಗತ್ಯ ನಮಗಿಲ್ಲ.

ಹೀಗೆ ಮೋಸ ಹೋದವರಿಗೆ ಹೊಸ ಕಾನೂನು ಬರುವ ತನಕ ಕಾಯುವ ಅವಶ್ಯಕತೆಯೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ಮುಳಬಾಗಿಲಿನವರು ಕೋಲಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಸಾಕು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ದೂರಿನ ಶುಲ್ಕ ಇಲ್ಲ. ವಕೀಲರಿಲ್ಲದೆ ತಾವೇ ವಾದಿಸಬಹುದು. ದೋಷ ಇದೆಯೋ ಇಲ್ಲವೋ ಪರೀಕ್ಷೆ ಮಾಡದೆ ತಿಳಿಯಲಾಗದಿದ್ದರೆ ಆಯೋಗವೇ ಡಿಸ್ಕಿಗೆ ಮೊಹರು ಹಾಕಿ ಸೂಕ್ತ ಪ್ರಯೋಗಾಲಯಕ್ಕೆ ಕಳಿಸುತ್ತದೆ. ವರದಿಗೆ ಕಾಯ್ದೆ ಕೊಟ್ಟಿರುವ ಗಡುವು 45 ದಿನ. ಪರೀಕ್ಷೆಯ ಶುಲ್ಕವನ್ನು ಮೊದಲು ದೂರುದಾರ ಕಟ್ಟಬೇಕಾಗಬಹುದು. ವ್ಯಾಪಾರಕ್ಕಾಗಿ ಕೊಂಡ ವಸ್ತುವಿಗೆ ಈ ಕಾಯ್ದೆ ಇಲ್ಲ ಎಂದು ಸ್ಟುಡಿಯೋದವರನ್ನು ಹೆದರಿಸುವವರಿದ್ದಾರೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರನ್ನು ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ಒಬ್ಬರೇ ಕೂತು ಎಡಿಟ್ ಮಾಡುವ ಸಣ್ಣ ಸ್ಟುಡಿಯೋದವರು ಅದರೊಳಗೆ ಬರುತ್ತಾರೆ.

ಹಾಗಾಗಿ ನನ್ನ ಎದುರು ವಾದಿಸುವ ಗೆಳೆಯರಲ್ಲಿ ಕೇಳಿಕೊಳ್ಳುವುದಿಷ್ಟು. ಬಿದ್ದದ್ದನ್ನು ಬಿದ್ದಿದೆ ಎಂದೇ ಹೇಳಿ, ಮುಚ್ಚಿಡಬೇಡಿ. ಬಿದ್ದದ್ದನ್ನು ಬಿದ್ದಿಲ್ಲವೆಂದು ಹೇಳಿಕೊಂಡು ಹೋಗುವವರಿಂದಲೇ ಬೀಳದ ಡಿಸ್ಕಿನವರ ಮಾತಿಗೂ ಬೆಲೆ ಇಲ್ಲವಾಗಿದೆ. ಬೀಳದೆ ಕೆಟ್ಟ ಡಿಸ್ಕನ್ನು ಯಾರಾದರೂ ವಾಪಸು ಕೊಟ್ಟರೆ ಕಾರಣವನ್ನು ಫೋಟೋ ಸಮೇತ ಬರಹದಲ್ಲಿ ಕೇಳಿ. ಕೊಡದಿದ್ದರೆ ಅಲ್ಲೇ ನಿಂತು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಪಡೆದುಕೊಳ್ಳಿ. ಅಲ್ಲೂ ಬಗೆಹರಿಯದಿದ್ದರೆ ಬಿಲ್ಲು, ವಾರಂಟಿ ಚೀಟಿ, ಮೆಸೇಜುಗಳ ಪ್ರತಿ ಹಿಡಿದು ಕೋಲಾರದ ಆಯೋಗಕ್ಕೆ ಹೋಗಿ. ದೂರು ಕೊಡಲು ಕಾಯ್ದೆ ಇಟ್ಟಿರುವ ಅವಧಿ ಎರಡು ವರ್ಷ.